ವಸೂಲಾಗದ ಹಣದ ಲೆಕ್ಕ: ಪಳೆಯುಳಿಕೆ ಇಂಧನ ಉತ್ಪಾದಕರಿಗೆ ಸಿಗುವ ಸರ್ಕಾರಿ ಸಹಾಯಧನವನ್ನು ಗುರುತಿಸಿ ಅಳೆಯುವ ಬಗೆ

ಕಲ್ಲಿದ್ದಲು, ಕಚ್ಚಾ ತೈಲ ಮತ್ತು ನೈಸರ್ಗಿಕ ಅನಿಲಕ್ಕೆ ಸರ್ಕಾರಗಳು ಎಷ್ಟು ಸಹಾಯಧನ ಕೊಡುತ್ತವೆ ಎಂದು ಹುಡುಕಲು ಕುಳಿತವರಿಗೆ ಮೊದಲು ಎದುರಾಗುವುದು ಒಂದಕ್ಕೊಂದು ತಾಳೆಯಾಗದ ಅಂಕಿಗಳು. 2022ನೇ ವರ್ಷವನ್ನೇ ತೆಗೆದುಕೊಳ್ಳಿ. ಅಂತರರಾಷ್ಟ್ರೀಯ ಹಣಕಾಸು ನಿಧಿ ಹೇಳುವ ಮೊತ್ತ 7 ಲಕ್ಷ ಕೋಟಿ ಡಾಲರ್; ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹೇಳುವುದು 1 ಲಕ್ಷ ಕೋಟಿ ಡಾಲರಿಗಿಂತ ತುಸು ಹೆಚ್ಚು. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಹಣಕಾಸು ನಿಧಿಯ ಮೊತ್ತದಲ್ಲಿ ನೇರ ಸಹಾಯಧನದ ಪಾಲು ಸುಮಾರು 1.3 ಲಕ್ಷ ಕೋಟಿ ಡಾಲರ್ ಮಾತ್ರ. ಉಳಿದದ್ದು ವಾಯುಮಾಲಿನ್ಯ, ಹವಾಮಾನ ಬದಲಾವಣೆ ಮೊದಲಾದವುಗಳಿಂದ ಸಮಾಜಕ್ಕಾಗುವ ಹಾನಿಯನ್ನು ಇಂಧನದ ಬೆಲೆಗೆ ಸೇರಿಸದೆ ಬಿಟ್ಟದ್ದರ ಲೆಕ್ಕ. ಇಂಧನ ಸಂಸ್ಥೆಯಾದರೋ ಗ್ರಾಹಕ ಕೊಡುವ ಬೆಲೆ ಅಂತರರಾಷ್ಟ್ರೀಯ ಬೆಲೆಗಿಂತ ಎಷ್ಟು ಕಡಿಮೆಯಿದೆ ಎಂಬ ಅಂತರವನ್ನು ಅಳೆಯುತ್ತದೆ.

ಈ ಎರಡು ಮೊತ್ತಗಳಲ್ಲೂ ದೊಡ್ಡ ಪಾಲು ಇಂಧನವನ್ನು ಕೊಳ್ಳುವವರಿಗೆ ಸಂಬಂಧಿಸಿದ್ದು. ನೆಲದಿಂದ ಅದನ್ನು ಹೊರತೆಗೆಯುವವರಿಗೆ ಸಿಗುವ ನೆರವು ಬೇರೆಯೇ ಒಂದು ಹರಿವು. ಮೊತ್ತದಲ್ಲಿ ಅದು ಚಿಕ್ಕದು, ಆದರೆ ಒಂದು ಬಾವಿಯನ್ನು ಕೊರೆಯಬೇಕೇ ಬೇಡವೇ, ಒಂದು ಗಣಿಯನ್ನು ಇನ್ನೂ ಹತ್ತು ವರ್ಷ ನಡೆಸಬೇಕೇ ಮುಚ್ಚಬೇಕೇ ಎಂಬ ತೀರ್ಮಾನವನ್ನು ಪ್ರಭಾವಿಸುವುದು ಅದೇ. ಒಮ್ಮೆ ಕೊರೆದ ಬಾವಿ ಹಲವು ವರ್ಷ ಹರಿಯುತ್ತದೆ. ಆ ಕಾರಣಕ್ಕಾಗಿಯೇ ಈ ಹರಿವನ್ನು ಪ್ರತ್ಯೇಕವಾಗಿ, ಶ್ರದ್ಧೆಯಿಂದ ಲೆಕ್ಕ ಹಾಕಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಪತ್ರಕರ್ತರು, ವಿದ್ಯಾರ್ಥಿಗಳು, ಬಜೆಟ್ ಓದುವ ಆಸಕ್ತಿಯುಳ್ಳ ಯಾರೇ ಆದರೂ ಈ ಕೆಲಸವನ್ನು ಮಾಡಬಹುದು. ಬೇಕಾಗುವುದು ತಾಳ್ಮೆ ಮತ್ತು ಒಂದು ಕೋಷ್ಟಕ.

ಮೊದಲು ವ್ಯಾಖ್ಯೆ, ಆಮೇಲೆ ಅಂಕಿ

ಯಾವ ದೇಶದ ಲೆಕ್ಕಕ್ಕೆ ಕೈಹಾಕಿದರೂ ಹಾಳೆಯ ಮೇಲ್ಭಾಗದಲ್ಲಿ ಸಹಾಯಧನವೆಂದರೆ ಏನು ಎಂಬುದನ್ನು ಬರೆದುಕೊಂಡೇ ಮುಂದುವರಿಯಬೇಕು. ನಾನು ಬಳಸುವುದು ವಿಶ್ವ ವ್ಯಾಪಾರ ಸಂಸ್ಥೆಯ ಸಹಾಯಧನ ಒಪ್ಪಂದದ ಮೊದಲ ವಿಧಿಯನ್ನು. 1995ರಿಂದ ಜಾರಿಯಲ್ಲಿರುವ ಈ ಒಪ್ಪಂದಕ್ಕೆ ಬಹುತೇಕ ಎಲ್ಲ ದೊಡ್ಡ ಉತ್ಪಾದಕ ದೇಶಗಳೂ ಬದ್ಧವಾಗಿರುವುದರಿಂದ, ಆ ಅಳತೆಗೋಲನ್ನು ತಾವು ಒಪ್ಪಿಲ್ಲವೆಂದು ಅವು ಹೇಳಲಾರವು. ಅದರ ಪ್ರಕಾರ ಸರ್ಕಾರ ನೇರವಾಗಿ ಹಣ ಕೊಟ್ಟರೆ, ಸಾಲಕ್ಕೆ ಖಾತರಿ ನಿಂತರೆ, ಬರಬೇಕಾದ ಆದಾಯವನ್ನು ವಸೂಲು ಮಾಡದೆ ಬಿಟ್ಟರೆ, ಸಾಮಾನ್ಯ ಮೂಲಸೌಕರ್ಯವಲ್ಲದ ಸರಕು ಅಥವಾ ಸೇವೆಯನ್ನು ಒದಗಿಸಿದರೆ, ಇಲ್ಲವೇ ಬೆಲೆಗೆ ಆಸರೆ ಕೊಟ್ಟರೆ, ಮತ್ತು ಅದರಿಂದ ಪಡೆದವನಿಗೆ ಲಾಭವಾದರೆ, ಅದು ಸಹಾಯಧನ. ಇದರಲ್ಲಿ 'ಬರಬೇಕಾದ ಆದಾಯ' ಎಂಬ ಎರಡು ಪದಗಳನ್ನು ಗುರುತು ಹಾಕಿಟ್ಟುಕೊಳ್ಳಿ. ಮುಂದಿನ ಎಲ್ಲ ಕಷ್ಟವೂ ಅಲ್ಲಿಂದಲೇ ಹುಟ್ಟುತ್ತದೆ.

ವ್ಯಾಖ್ಯೆ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಬ್ರಿಟನ್ ಒಳ್ಳೆಯ ಉದಾಹರಣೆ. ಅಲ್ಲಿನ ಸರ್ಕಾರ ತಾನು ಪಳೆಯುಳಿಕೆ ಇಂಧನಕ್ಕೆ ಸಹಾಯಧನವನ್ನೇ ಕೊಡುವುದಿಲ್ಲವೆಂದು ಹೇಳುತ್ತ ಬಂದಿದೆ. ಗ್ರಾಹಕ ಬೆಲೆ ಅಂತರರಾಷ್ಟ್ರೀಯ ಬೆಲೆಗಿಂತ ಕಡಿಮೆಯಿದ್ದರೆ ಮಾತ್ರ ಸಹಾಯಧನ ಎಂಬ ವ್ಯಾಖ್ಯೆಯಲ್ಲಿ ಆ ಮಾತು ನಿಲ್ಲುತ್ತದೆ. ಉತ್ತರ ಸಮುದ್ರದ ತೈಲ ಕಂಪನಿಗಳಿಗೆ ಸಿಗುವ ತೆರಿಗೆ ಕಡಿತಗಳು ಆ ಬಲೆಯ ಕಣ್ಣಿಗೆ ಸಿಕ್ಕುವುದೇ ಇಲ್ಲ. ಹಾಗೆಯೇ, 2009ರ ಪಿಟ್ಸ್‌ಬರ್ಗ್ ಶೃಂಗಸಭೆಯಲ್ಲಿ ಜಿ20 ದೇಶಗಳು 'ಅದಕ್ಷ' ಸಹಾಯಧನಗಳನ್ನು ಮಧ್ಯಮಾವಧಿಯಲ್ಲಿ ಹಂತಹಂತವಾಗಿ ನಿಲ್ಲಿಸುವುದಾಗಿ ಮಾತು ಕೊಟ್ಟವು, ಆದರೆ ಅದಕ್ಷ ಎಂದರೆ ಯಾವುದು ಎಂದು ಒಟ್ಟಾಗಿ ನಿರ್ಧರಿಸಲಿಲ್ಲ. ಕೆನಡಾ 2023ರ ಜುಲೈನಲ್ಲಿ ತನ್ನದೇ ಮಾನದಂಡಗಳನ್ನು ಪ್ರಕಟಿಸಿತು. ನಿಮ್ಮ ಕೋಷ್ಟಕದಲ್ಲಿ ಈ ವಿಶೇಷಣವನ್ನು ಬಳಸದಿರುವುದೇ ಒಳ್ಳೆಯದು. ಮೊದಲು ಇರುವುದನ್ನೆಲ್ಲ ಪಟ್ಟಿ ಮಾಡಿ. ದಕ್ಷವೋ ಅದಕ್ಷವೋ ಎಂಬ ಚರ್ಚೆಯನ್ನು ಆಮೇಲೆ ಮಾಡಬಹುದು.

ಹಣ ಯಾರ ಕೈ ಸೇರುತ್ತದೆ

ಎರಡನೆಯ ಹೆಜ್ಜೆಯೆಂದರೆ ಪ್ರತಿ ಕ್ರಮದ ಮುಂದೆ 'ಉತ್ಪಾದಕ', 'ಗ್ರಾಹಕ', 'ಸಾಮಾನ್ಯ ಸೇವೆ' ಎಂಬ ಮೂರರಲ್ಲಿ ಒಂದನ್ನು ಬರೆಯುವುದು. ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಒಕ್ಕೂಟವಾದ ಓಇಸಿಡಿ ತನ್ನ ದಾಖಲೆಯಲ್ಲಿ ಅನುಸರಿಸುವುದೂ ಇದೇ ವಿಂಗಡಣೆ. ಹೆಸರನ್ನು ನೋಡಿ ನಿರ್ಧರಿಸಬೇಡಿ, ಹಣದ ದಾರಿಯನ್ನು ಹಿಂಬಾಲಿಸಿ. ಇಂಡೋನೇಷ್ಯಾದಲ್ಲಿ ಕಲ್ಲಿದ್ದಲು ಗಣಿಗಳು ತಮ್ಮ ಉತ್ಪಾದನೆಯ ಶೇ. 25ರಷ್ಟನ್ನು ದೇಶದೊಳಗೆ ಮಾರಬೇಕು, ವಿದ್ಯುತ್ ಸ್ಥಾವರಗಳಿಗೆ ಮಾರುವಾಗ ಬೆಲೆ ಟನ್ನಿಗೆ 70 ಡಾಲರ್ ಮೀರಬಾರದು ಎಂಬ ನಿಯಮವಿದೆ. ರಫ್ತು ಬೆಲೆ ಏರಿದಾಗ ಇದು ಕಲ್ಲಿದ್ದಲಿಗೆ ಕೊಟ್ಟ ಸಹಾಯಧನದಂತೆ ಕಾಣುತ್ತದೆ, ಆದರೆ ಅದರ ಹೊರೆ ಬೀಳುವುದು ಗಣಿ ಮಾಲೀಕನ ಮೇಲೆಯೇ. ಉತ್ಪಾದಕ ಸಹಾಯಧನದ ಸಾಲಿನಲ್ಲಿ ಅದನ್ನು ಸೇರಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಭಾರತ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಸಾರ್ವಜನಿಕ ವಲಯದ ಮೂರು ತೈಲ ಮಾರಾಟ ಕಂಪನಿಗಳಿಗೆ 22,000 ಕೋಟಿ ರೂಪಾಯಿ ಅನುದಾನ ಕೊಟ್ಟಿತು. ಹಣ ಹೋದದ್ದು ಕಂಪನಿಗಳ ಖಾತೆಗೆ ನಿಜ, ಆದರೆ ಅಡುಗೆ ಅನಿಲವನ್ನು ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಿದ್ದರ ನಷ್ಟವನ್ನು ತುಂಬಲು ಅದನ್ನು ಕೊಟ್ಟದ್ದರಿಂದ ಗ್ರಾಹಕರ ಸಾಲಿನಲ್ಲಿಯೇ ಅದು ಬರಬೇಕು.

ಗಡಿರೇಖೆಯ ಮೇಲೆ ನಿಲ್ಲುವ ಕ್ರಮಗಳೂ ಇವೆ. ಆಸ್ಟ್ರೇಲಿಯಾದಲ್ಲಿ ರಸ್ತೆಗಿಳಿಯದ ಯಂತ್ರಗಳಿಗೆ ಬಳಸುವ ಡೀಸೆಲ್ ಮೇಲಿನ ಸುಂಕವನ್ನು ವ್ಯವಹಾರ ಸಂಸ್ಥೆಗಳಿಗೆ ಹಿಂತಿರುಗಿಸಲಾಗುತ್ತದೆ, ಅದರ ದೊಡ್ಡ ಫಲಾನುಭವಿಗಳಲ್ಲಿ ಗಣಿ ಉದ್ಯಮವೂ ಒಂದು. ಡೀಸೆಲ್ ಕೊಳ್ಳುವವನೆಂಬ ನೆಲೆಯಲ್ಲಿ ಗಣಿ ಕಂಪನಿ ಇಲ್ಲಿ ಗ್ರಾಹಕ, ಕಲ್ಲಿದ್ದಲು ತೆಗೆಯುವವನೆಂಬ ನೆಲೆಯಲ್ಲಿ ಉತ್ಪಾದಕ. ಇಂಥವನ್ನು ನಾನು ಪ್ರತ್ಯೇಕ ಸಾಲಿನಲ್ಲಿಟ್ಟು, ಒಟ್ಟು ಮೊತ್ತಕ್ಕೆ ಸೇರಿಸದೆ, ಕಾರಣವನ್ನು ಪಕ್ಕದಲ್ಲಿ ಬರೆಯುತ್ತೇನೆ.

ಬಜೆಟ್ ಪುಸ್ತಕದಲ್ಲಿ ಕಾಣುವಂಥವು

ನೇರ ಪಾವತಿಗಳನ್ನು ಹುಡುಕುವುದು ಸುಲಭ. ಚೀನಾ 2012ರಿಂದ 2015ರವರೆಗೆ ಪದರಗಲ್ಲಿನೊಳಗೆ ಸಿಕ್ಕಿಕೊಂಡಿರುವ ಶೇಲ್ ಅನಿಲದ ಪ್ರತಿ ಘನ ಮೀಟರಿಗೆ 0.4 ಯುವಾನ್ ಕೊಟ್ಟಿತು, 2016ರಿಂದ ಅದನ್ನು 0.3 ಯುವಾನಿಗೆ ಇಳಿಸಿತು. ಉತ್ಪಾದನೆಯ ಪ್ರಮಾಣ ಗೊತ್ತಿದ್ದರೆ ಗುಣಿಸಿದರಾಯಿತು: 100 ಕೋಟಿ ಘನ ಮೀಟರಿಗೆ ಮೊದಲ ದರದಲ್ಲಿ 40 ಕೋಟಿ ಯುವಾನ್.

ಬೆಲೆಯ ಆಸರೆ ಇಷ್ಟು ಸರಳವಲ್ಲ. ಅರ್ಜೆಂಟೀನಾ 2017ರಲ್ಲಿ ವಾಕಾ ಮುಯೆರ್ಟಾ ಪ್ರದೇಶದ ಅನಿಲಕ್ಕೆ ಕನಿಷ್ಠ ಬೆಲೆಯ ಭರವಸೆ ಕೊಟ್ಟಿತು. ದಶಲಕ್ಷ ಬಿಟಿಯು ಎಂಬ ಶಾಖದ ಅಳತೆಗೆ 2018ರಲ್ಲಿ 7.50 ಡಾಲರ್, ಅಲ್ಲಿಂದ ಪ್ರತಿ ವರ್ಷ ಅರ್ಧ ಡಾಲರ್ ಇಳಿಯುತ್ತ 2021ಕ್ಕೆ 6 ಡಾಲರ್. ಮಾರುಕಟ್ಟೆಯ ಬೆಲೆ ಅದಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟನ್ನು ಖಜಾನೆ ತುಂಬಬೇಕು. ಇಂಥ ಯೋಜನೆಯ ವೆಚ್ಚವನ್ನು ಘೋಷಣೆಯ ದಿನದ ಅಂದಾಜಿನಿಂದ ಬರೆದುಕೊಂಡರೆ ಮೋಸ ಹೋಗುತ್ತೀರಿ. ಅಲ್ಲಿ ಉತ್ಪಾದನೆ ಕಂಪನಿಗಳು ಮೊದಲು ತಿಳಿಸಿದ್ದಕ್ಕಿಂತ ಹೆಚ್ಚಾಗಿ ಬೆಳೆದು ಖಜಾನೆಯ ಹೊರೆ ಏರಿದ್ದರಿಂದ, 2019ರಲ್ಲಿ ಸರ್ಕಾರ ಆರಂಭದಲ್ಲಿ ತಿಳಿಸಿದ ಪ್ರಮಾಣಕ್ಕಷ್ಟೇ ಪಾವತಿಯನ್ನು ಸೀಮಿತಗೊಳಿಸಿತು. ಆದ್ದರಿಂದ ಇಲ್ಲಿ ಮೂರು ಕಂಬಸಾಲುಗಳು ಬೇಕು: ಭರವಸೆಯ ಬೆಲೆ, ಆ ವರ್ಷದ ನಿಜವಾದ ಮಾರಾಟ ಬೆಲೆ, ಪಾವತಿಯಾದ ಪ್ರಮಾಣ.

ಭಾರತದ ಕೇಂದ್ರ ಸಂಪುಟ 2024ರ ಜನವರಿಯಲ್ಲಿ ಕಲ್ಲಿದ್ದಲನ್ನು ಅನಿಲವಾಗಿ ಪರಿವರ್ತಿಸುವ ಘಟಕಗಳಿಗೆ ಒಪ್ಪಿಗೆ ನೀಡಿದ 8,500 ಕೋಟಿ ರೂಪಾಯಿಯ ಪ್ರೋತ್ಸಾಹಧನವೂ ನೇರ ಪಾವತಿಯ ಗುಂಪಿಗೇ ಸೇರುತ್ತದೆ. ಆದರೆ ಅದು ಒಪ್ಪಿಗೆಯಾದ ಗರಿಷ್ಠ ಮೊತ್ತವೇ ಹೊರತು ಒಂದು ವರ್ಷದ ಖರ್ಚಲ್ಲ. ಒಪ್ಪಿಗೆ, ಬಜೆಟ್ ಹಂಚಿಕೆ, ವಾಸ್ತವ ವೆಚ್ಚ, ಇವು ಮೂರೂ ಬೇರೆ ಬೇರೆ. ಕೋಷ್ಟಕಕ್ಕೆ ಹೋಗಬೇಕಾದದ್ದು ಕೊನೆಯದು.

ತೆರಿಗೆ ಕಾಯ್ದೆಯೊಳಗೆ ಅಡಗಿರುವಂಥವು

ಉತ್ಪಾದಕರಿಗೆ ಸಿಗುವ ನೆರವಿನ ಬಹುಭಾಗ ಅಡಗಿರುವುದು ಇಲ್ಲಿ. ಯಾವ ಚೆಕ್ಕೂ ಬರೆಯಲ್ಪಡುವುದಿಲ್ಲ, ಸಂಸತ್ತಿನಲ್ಲಿ ವರ್ಷವರ್ಷವೂ ಮತಕ್ಕೆ ಬರುವುದಿಲ್ಲ, ಕಾಯ್ದೆಯ ಒಂದು ಉಪಕಲಮು ದಶಕಗಳ ಕಾಲ ತನ್ನಷ್ಟಕ್ಕೆ ಕೆಲಸ ಮಾಡುತ್ತಿರುತ್ತದೆ. ಅಮೆರಿಕವನ್ನು ತುಸು ಹತ್ತಿರದಿಂದ ನೋಡೋಣ.

ಅಲ್ಲಿನ ಕಾಯ್ದೆಯಲ್ಲಿ ಶೇಕಡಾವಾರು ನಿಕ್ಷೇಪ ಸವಕಳಿ ಎಂದು ಕರೆಯಬಹುದಾದ ಸೌಲಭ್ಯ 1926ರಿಂದ ಇದೆ. ಆಗ ಅದರ ದರ ಶೇ. 27.5. 1975ರಲ್ಲಿ ದೊಡ್ಡ ತೈಲ ಕಂಪನಿಗಳಿಗೆ ಅದನ್ನು ರದ್ದು ಮಾಡಿ, ಸಣ್ಣ ಸ್ವತಂತ್ರ ಉತ್ಪಾದಕರಿಗೆ ಉಳಿಸಿದರು. ಈಗ ಅವರಿಗೆ ದಿನಕ್ಕೆ 1,000 ಬ್ಯಾರೆಲ್‌ವರೆಗಿನ ಉತ್ಪಾದನೆಗೆ ಶೇ. 15ರ ದರದಲ್ಲಿ ಸಿಗುತ್ತದೆ. ಸಾಮಾನ್ಯ ಸವಕಳಿಯಲ್ಲಿ ಹೂಡಿದ ಬಂಡವಾಳದಷ್ಟನ್ನು ಮಾತ್ರ ಕಾಲಕ್ರಮದಲ್ಲಿ ಕಳೆಯಬಹುದು. ಇಲ್ಲಿ ಹಾಗಲ್ಲ: ಒಟ್ಟು ಮಾರಾಟದ ಶೇ. 15ರಷ್ಟನ್ನು, ಕೆಲವು ಮಿತಿಗಳಿಗೆ ಒಳಪಟ್ಟು, ಬಾವಿ ಹರಿಯುವವರೆಗೂ ತೆರಿಗೆ ಬೀಳುವ ಆದಾಯದಿಂದ ಕಳೆಯುತ್ತಲೇ ಇರಬಹುದು. ಹೂಡಿದ ಹಣವೆಲ್ಲ ವಾಪಸಾದ ಮೇಲೂ ಕಡಿತ ನಿಲ್ಲುವುದಿಲ್ಲ.

ಲೆಕ್ಕ ಹಾಕಿ ನೋಡಿ. ದಿನಕ್ಕೆ 1,000 ಬ್ಯಾರೆಲ್ ಎಂದರೆ ವರ್ಷಕ್ಕೆ 3.65 ಲಕ್ಷ ಬ್ಯಾರೆಲ್. ಬೆಲೆ 70 ಡಾಲರ್ ಇದೆಯೆಂದು ಇಟ್ಟುಕೊಂಡರೆ ಮಾರಾಟ 2 ಕೋಟಿ 55.5 ಲಕ್ಷ ಡಾಲರ್. ಅದರ ಶೇ. 15, ಅಂದರೆ ಸುಮಾರು 38.3 ಲಕ್ಷ ಡಾಲರ್, ತೆರಿಗೆ ಬೀಳುವ ಆದಾಯದಿಂದ ಕಡಿತ. ಕಂಪನಿ ತೆರಿಗೆಯ ದರ ಶೇ. 21 ಆದ್ದರಿಂದ ಕಂಪನಿಗೆ ಉಳಿತಾಯವಾಗುವ ತೆರಿಗೆ ಸುಮಾರು 8.05 ಲಕ್ಷ ಡಾಲರ್, ಅಂದರೆ ಬ್ಯಾರೆಲಿಗೆ 2 ಡಾಲರ್ 20 ಸೆಂಟ್. ಈಗ 'ಬರಬೇಕಾದ ಆದಾಯ' ಎಂಬ ಪದಗಳಿಗೆ ಮರಳೋಣ. ಬಾವಿಗೆ ಹಾಕಿದ ಬಂಡವಾಳ ಆಗಲೇ ಪೂರ್ತಿ ಕಳೆದುಹೋಗಿದ್ದರೆ ಸಾಮಾನ್ಯ ನಿಯಮದಡಿ ಕಡಿತ ಸೊನ್ನೆ, ಹಾಗಾಗಿ ಆ 8.05 ಲಕ್ಷವೂ ಸಹಾಯಧನವೇ. ಬಂಡವಾಳ ಇನ್ನೂ ಉಳಿದಿದ್ದು, ಸಾಮಾನ್ಯ ನಿಯಮದಲ್ಲೂ ಆ ವರ್ಷ 20 ಲಕ್ಷದ ಕಡಿತ ಸಿಗುತ್ತಿತ್ತು ಎಂದಾದರೆ, ಸಹಾಯಧನ ಉಳಿದ 18.3 ಲಕ್ಷದ ಮೇಲಿನ ತೆರಿಗೆ ಮಾತ್ರ. ಇಡೀ ಕಡಿತವನ್ನೇ ಸಹಾಯಧನವೆಂದು ಬರೆಯುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು.

ಇನ್ನೊಂದು ಸೌಲಭ್ಯ ಇದಕ್ಕಿಂತ ಹಳೆಯದು, ನೂರು ವರ್ಷ ದಾಟಿದ್ದು. ಬಾವಿ ಕೊರೆಯುವಾಗ ಕೂಲಿ, ಇಂಧನ, ಕೊರೆತಕ್ಕೆ ಬಳಸುವ ಕೆಸರು ಮೊದಲಾಗಿ ಮರಳಿ ಮಾರಲಾಗದ ಬಾಬತ್ತುಗಳಿಗೆ ಆಗುವ ಖರ್ಚನ್ನು ಸ್ವತಂತ್ರ ಉತ್ಪಾದಕರು ಮೊದಲ ವರ್ಷವೇ ಪೂರ್ತಿಯಾಗಿ ಕಳೆಯಬಹುದು. ದೊಡ್ಡ ಕಂಪನಿಗಳು ಶೇ. 70ರಷ್ಟನ್ನು ಕೂಡಲೇ, ಉಳಿದದ್ದನ್ನು 60 ತಿಂಗಳಲ್ಲಿ ಕಳೆಯಬಹುದು. ಇಲ್ಲಿ ತೆರಿಗೆ ಮಾಫಿಯಾಗುವುದಿಲ್ಲ, ಮುಂದಕ್ಕೆ ಹೋಗುತ್ತದೆ. 80 ಲಕ್ಷ ಡಾಲರ್ ಖರ್ಚನ್ನು ಕೂಡಲೇ ಕಳೆದರೆ ಶೇ. 21ರ ದರದಲ್ಲಿ 16.8 ಲಕ್ಷ ಡಾಲರ್ ತೆರಿಗೆ ಈ ವರ್ಷ ಉಳಿಯುತ್ತದೆ. ಅದೇ ಖರ್ಚನ್ನು ಹತ್ತು ವರ್ಷಕ್ಕೆ ಸಮನಾಗಿ ಹಂಚಿದ್ದರೆ ವರ್ಷಕ್ಕೆ 1.68 ಲಕ್ಷದಂತೆ ಉಳಿಯುತ್ತಿತ್ತು, ಮತ್ತು ಮೊದಲ ಕಂತು ಈ ವರ್ಷವೇ ಬರುವುದಾದರೆ ಶೇ. 8ರ ಬಡ್ಡಿಯಲ್ಲಿ ಆ ಹತ್ತು ಕಂತುಗಳ ಇಂದಿನ ಬೆಲೆ ಸುಮಾರು 12.2 ಲಕ್ಷ. ವ್ಯತ್ಯಾಸವಾದ 4.6 ಲಕ್ಷ ಡಾಲರ್ ನಿಜವಾದ ಸಹಾಯಧನ. ಬಡ್ಡಿಯಿಲ್ಲದ ಸಾಲದ ಲಾಭವೆಂದು ಅದನ್ನು ತಿಳಿಯಬಹುದು. 16.8 ಲಕ್ಷವೆಂದು ಬರೆದರೆ ಕಡ್ಡಿಯನ್ನು ಗುಡ್ಡ ಮಾಡಿದಂತೆ, ಸೊನ್ನೆಯೆಂದು ಬರೆದರೆ ಗುಡ್ಡವನ್ನು ಬಚ್ಚಿಟ್ಟಂತೆ.

ಇಂಥ ಅಂಕಿಗಳಿಗಾಗಿ ನೋಡಬೇಕಾದ ಕಡತ ತೆರಿಗೆ ವೆಚ್ಚದ ವರದಿ, ಅಂದರೆ ರಿಯಾಯಿತಿಗಳಿಂದ ಸರ್ಕಾರ ಬಿಟ್ಟುಕೊಟ್ಟ ತೆರಿಗೆಯ ಪಟ್ಟಿ. ಅಮೆರಿಕದಲ್ಲಿ ಖಜಾನೆ ಇಲಾಖೆ ಒಂದನ್ನು, ಕಾಂಗ್ರೆಸ್ಸಿನ ಜಂಟಿ ತೆರಿಗೆ ಸಮಿತಿ ಇನ್ನೊಂದನ್ನು ಪ್ರಕಟಿಸುತ್ತವೆ. ಜರ್ಮನಿ ಎರಡು ವರ್ಷಕ್ಕೊಮ್ಮೆ ಸಹಾಯಧನ ವರದಿ ಹೊರತರುತ್ತದೆ. ಭಾರತದಲ್ಲಿ 2006-07ರ ಬಜೆಟ್ಟಿನಿಂದ ತೆರಿಗೆ ರಿಯಾಯಿತಿಗಳಿಂದಾಗುವ ಆದಾಯ ಪರಿಣಾಮದ ವಿವರಣೆ ಬಜೆಟ್ ದಾಖಲೆಗಳ ಜೊತೆ ಬರುತ್ತಿದೆ. ಈ ವರದಿಗಳನ್ನು ಬಳಸುವಾಗ ಒಂದು ಎಚ್ಚರಿಕೆ ಬೇಕು. ಪ್ರತಿ ಸೌಲಭ್ಯದ ಮೊತ್ತವನ್ನು ಉಳಿದೆಲ್ಲ ಸೌಲಭ್ಯಗಳು ಹಾಗೆಯೇ ಇರುತ್ತವೆ ಎಂದುಕೊಂಡು ಅಂದಾಜಿಸಿರುತ್ತಾರೆ. ಎಲ್ಲವನ್ನೂ ಕೂಡಿದರೆ ಬರುವ ಮೊತ್ತ ಎಲ್ಲವನ್ನೂ ರದ್ದು ಮಾಡಿದರೆ ಖಜಾನೆಗೆ ಬರುವ ಹಣಕ್ಕೆ ಸಮನಾಗುವುದಿಲ್ಲ.

ಬ್ರಿಟನ್ನಿನ 2022ರ ಕ್ರಮ ಇನ್ನೊಂದು ಪಾಠ ಕಲಿಸುತ್ತದೆ. ತೈಲ ಬೆಲೆ ಏರಿದಾಗ ಸರ್ಕಾರ ಮೇ ತಿಂಗಳಲ್ಲಿ ಉತ್ತರ ಸಮುದ್ರದ ಲಾಭದ ಮೇಲೆ ಶೇ. 25ರ ಹೆಚ್ಚುವರಿ ಲೆವಿಯನ್ನು ಪ್ರಕಟಿಸಿತು. ಸುದ್ದಿಯಾದದ್ದು ಲೆವಿ. ಅದರ ಜೊತೆಗೇ ಹೊಸ ಹೂಡಿಕೆಗೆ ಶೇ. 80ರ ಹೆಚ್ಚುವರಿ ಕಡಿತವನ್ನೂ ಕೊಟ್ಟಿತ್ತು. ಒಂದು ಪೌಂಡ್ ಹೂಡಿದರೆ ಲೆವಿಯ ಲೆಕ್ಕದಲ್ಲಿ 1.80 ಪೌಂಡ್ ಕಡಿತವಾಗಿ 45 ಪೆನ್ಸ್ ಉಳಿಯುತ್ತದೆ. ಮೊದಲೇ ಇದ್ದ ಶೇ. 40ರ ತೆರಿಗೆಯಲ್ಲಿ 40 ಪೆನ್ಸ್, ಅದರ ಹೂಡಿಕೆ ರಿಯಾಯಿತಿಯಿಂದ ಇನ್ನೂ 6.25 ಪೆನ್ಸ್. ಕೂಡಿದರೆ 91.25 ಪೆನ್ಸ್. ಒಂದು ಪೌಂಡಿನ ಬಾವಿಯಲ್ಲಿ ಕಂಪನಿಯ ಕೈಯಿಂದ ಹೋಗುವುದು 9 ಪೆನ್ಸಿಗಿಂತ ಕಡಿಮೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಒಂದೇ ಕಾಯ್ದೆಯೊಳಗೆ ನೋಡಿದಂತೆ. ಲೆವಿ ಆಮೇಲೆ ಶೇ. 35ಕ್ಕೆ, 2024ರ ನವೆಂಬರ್‌ನಲ್ಲಿ ಶೇ. 38ಕ್ಕೆ ಏರಿತು, ಅದರ ಹೂಡಿಕೆ ಕಡಿತವನ್ನು ಹಂತಹಂತವಾಗಿ ತೆಗೆದುಹಾಕಲಾಯಿತು. ಆದ್ದರಿಂದ ದರವೊಂದನ್ನೇ ನೋಡಿ ಯಾವ ದೇಶವನ್ನೂ ಕಠಿಣವೆಂದೋ ಸಡಿಲವೆಂದೋ ತೀರ್ಮಾನಿಸಬೇಡಿ. ಕಡಿತಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ದರವನ್ನು ಓದಬೇಕು.

ನಾರ್ವೆಯ ವಿಷಯದಲ್ಲಿ ತಜ್ಞರೇ ಒಮ್ಮತಕ್ಕೆ ಬಂದಿಲ್ಲ. ಅಲ್ಲಿ ತೈಲದ ಲಾಭದ ಮೇಲಿನ ಒಟ್ಟು ತೆರಿಗೆ ಶೇ. 78. 2005ರಿಂದ ಅನ್ವೇಷಣೆಯಲ್ಲಿ ನಷ್ಟವಾದ ಕಂಪನಿಗೆ ಆ ನಷ್ಟದ ತೆರಿಗೆ ಮೌಲ್ಯವನ್ನು ಸರ್ಕಾರ ನಗದಾಗಿ ಹಿಂತಿರುಗಿಸುತ್ತಿತ್ತು, 2022ರಲ್ಲಿ ಅದರ ಜಾಗಕ್ಕೆ ನಗದು ಹರಿವನ್ನು ಆಧರಿಸಿದ ತೆರಿಗೆ ಬಂತು. ಬರಿದಾದ ಬಾವಿಗೆ ಸರ್ಕಾರ ದುಡ್ಡು ಕೊಟ್ಟದ್ದು ಸಹಾಯಧನವಲ್ಲದೆ ಮತ್ತೇನು ಎಂದು ಒಬ್ಬರು ಕೇಳುತ್ತಾರೆ; ಲಾಭದಲ್ಲಿ ಶೇ. 78 ಪಡೆಯುವವನು ನಷ್ಟದಲ್ಲೂ ಶೇ. 78 ಹೊರುವುದು ಪಾಲುದಾರನ ನ್ಯಾಯವೇ ಹೊರತು ದಾನವಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ನನಗೆ ಎರಡನೆಯ ವಾದ ಹೆಚ್ಚು ಸರಿಯೆನಿಸುತ್ತದೆ, ಆದರೆ 2020ರಲ್ಲಿ ಸಾಂಕ್ರಾಮಿಕದ ಹೊತ್ತಿಗೆ ಹೂಡಿಕೆ ಖರ್ಚಿನ ಮೇಲೆ ಕೊಟ್ಟ ಶೇ. 24ರ ಹೆಚ್ಚುವರಿ ಕಡಿತಕ್ಕೆ ಆ ವಾದ ಅನ್ವಯಿಸುವುದಿಲ್ಲ, ಏಕೆಂದರೆ ಖರ್ಚೇ ಆಗದ ಹಣವನ್ನು ಅಲ್ಲಿ ಕಳೆಯಲಾಗುತ್ತದೆ. ಇಂಥ ಸಂದರ್ಭದಲ್ಲಿ ಎರಡೂ ಲೆಕ್ಕಗಳನ್ನು ತೋರಿಸಿ, ನೀವು ಯಾವುದನ್ನು ಆರಿಸಿಕೊಂಡಿರಿ ಎಂಬುದನ್ನು ಓದುಗರಿಗೆ ತಿಳಿಸುವುದು ಪ್ರಾಮಾಣಿಕ ಮಾರ್ಗ.

ರಾಜಧನ, ಮತ್ತು ಬಿಟ್ಟುಹೋದ ಒಂದು ಷರತ್ತು

ನೆಲದಡಿಯ ಸಂಪತ್ತು ಸಾರ್ವಜನಿಕರದಾಗಿರುವಲ್ಲಿ ಅದನ್ನು ತೆಗೆಯುವವರು ರಾಜಧನ ಕೊಡಬೇಕು. ರಾಜಧನ ತೆರಿಗೆಯಲ್ಲ, ಮಾರಿದ ವಸ್ತುವಿನ ಬೆಲೆ. ಹಾಗಾಗಿ ಅದರ ರಿಯಾಯಿತಿ ತೆರಿಗೆ ವೆಚ್ಚದ ವರದಿಗಳಲ್ಲಿ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಗುತ್ತಿಗೆ ಕರಾರನ್ನೇ ಓದಬೇಕು.

ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೆಕ್ಸಿಕೊ ಕೊಲ್ಲಿಯ ಗುತ್ತಿಗೆಗಳು ಸಾಕ್ಷಿ. ಆಳ ಸಮುದ್ರದಲ್ಲಿ ಕೊರೆಯುವವರನ್ನು ಉತ್ತೇಜಿಸಲು ಅಮೆರಿಕದ ಕಾಂಗ್ರೆಸ್ 1995ರಲ್ಲಿ ಒಂದು ಕಾಯ್ದೆ ಮಾಡಿತು. 800 ಮೀಟರಿಗಿಂತ ಆಳದ ನೀರಿನಲ್ಲಿ 1996ರಿಂದ 2000ದವರೆಗೆ ಪಡೆದ ಗುತ್ತಿಗೆಗಳಿಗೆ ಮೊದಲ 8.75 ಕೋಟಿ ಬ್ಯಾರೆಲ್‌ವರೆಗೆ ರಾಜಧನವಿಲ್ಲ. ತೈಲ ಬೆಲೆ ಒಂದು ಮಟ್ಟ ದಾಟಿದರೆ ವಿನಾಯಿತಿ ನಿಲ್ಲುತ್ತದೆ ಎಂಬ ಷರತ್ತನ್ನು ಇಲಾಖೆ ಗುತ್ತಿಗೆ ಪತ್ರಗಳಲ್ಲಿ ಸೇರಿಸಿತ್ತು. 1998 ಮತ್ತು 1999ರ ಪತ್ರಗಳಲ್ಲಿ ಮಾತ್ರ ಆ ಷರತ್ತು ಬಿಟ್ಟುಹೋಯಿತು. ಬೆಲೆ ಏರಿದಾಗ ವಿಷಯ ನ್ಯಾಯಾಲಯಕ್ಕೆ ಹೋಗಿ, ಆ ಐದು ವರ್ಷಗಳ ಗುತ್ತಿಗೆಗಳಿಗೆ ಬೆಲೆಯ ಮಿತಿ ಹಾಕುವ ಅಧಿಕಾರವೇ ಇಲಾಖೆಗೆ ಇರಲಿಲ್ಲವೆಂದು ತೀರ್ಪಾಯಿತು. ಒಂದು ಗುತ್ತಿಗೆಯಲ್ಲಿ ಆ 8.75 ಕೋಟಿ ಬ್ಯಾರೆಲ್ ಪೂರ್ತಿ ಸಿಕ್ಕಿ, ಬೆಲೆ 60 ಡಾಲರ್ ಇದ್ದರೆ, ಶೇ. 12.5ರ ದರದಲ್ಲಿ ಸಾರ್ವಜನಿಕರಿಗೆ ಬಾರದೆ ಹೋಗುವ ರಾಜಧನ ಸುಮಾರು 65.6 ಕೋಟಿ ಡಾಲರ್. ಯಾವ ಬಜೆಟ್ಟಿನಲ್ಲೂ ಈ ಮೊತ್ತ ಸಿಗುವುದಿಲ್ಲ. ಲೆಕ್ಕಪರಿಶೋಧನಾ ವರದಿಗಳಲ್ಲಿ ಸಿಗುತ್ತದೆ. ಆ ಕಾರಣಕ್ಕೆ ಯಾವ ದೇಶದಲ್ಲಾದರೂ ಲೆಕ್ಕಪರಿಶೋಧಕರ ವರದಿಗಳನ್ನು ಬಿಡದೆ ಓದಬೇಕೆಂದು ಒತ್ತಿ ಹೇಳುತ್ತೇನೆ.

ಸಾಲ, ಖಾತರಿ, ಸರ್ಕಾರಿ ಕಂಪನಿ

ಅಮೆರಿಕದ ರಫ್ತು-ಆಮದು ಬ್ಯಾಂಕು ಮೊಜಾಂಬಿಕ್‌ನ ದ್ರವೀಕೃತ ಅನಿಲ ಯೋಜನೆಗೆ ಸುಮಾರು 470 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಇಂಥ ಸುದ್ದಿ ಬಂದೊಡನೆ ಅಷ್ಟೂ ಮೊತ್ತವನ್ನು ಸಹಾಯಧನದ ಸಾಲಿಗೆ ಸೇರಿಸುವವರಿದ್ದಾರೆ. ಸಾಲ ಮರಳಿ ಬರುವಂಥದು. ಅದೇ ಯೋಜನೆಗೆ, ಅದೇ ಅಪಾಯಕ್ಕೆ, ಖಾಸಗಿ ಬ್ಯಾಂಕು ಕೇಳುತ್ತಿದ್ದ ಬಡ್ಡಿಗೂ ಸರ್ಕಾರ ಪಡೆದ ಬಡ್ಡಿಗೂ ಇರುವ ಅಂತರವೇ ಸಹಾಯಧನ: 100 ಕೋಟಿ ಡಾಲರ್ ಸಾಲವನ್ನು ಶೇ. 8ರ ಬದಲು ಶೇ. 5ಕ್ಕೆ ಕೊಟ್ಟರೆ ಮೊದಲ ವರ್ಷ 3 ಕೋಟಿ ಡಾಲರ್. ಖಾಸಗಿಯವರು ಯಾವ ಬಡ್ಡಿಗೂ ಸಾಲ ಕೊಡಲು ಒಪ್ಪದಿದ್ದ ಯೋಜನೆಯಾದರೆ ಈ ಸೂತ್ರ ಕೆಲಸ ಮಾಡುವುದಿಲ್ಲ. ಆಗ 'ಸಾರ್ವಜನಿಕ ಹಣಕಾಸು' ಎಂಬ ಬೇರೆ ಶೀರ್ಷಿಕೆಯಲ್ಲಿ ಪೂರ್ತಿ ಮೊತ್ತವನ್ನು ಬರೆದು, ಸಹಾಯಧನದ ಮೊತ್ತದೊಂದಿಗೆ ಕೂಡದೆ ಇಡಿ.

ಕೆನಡಾ ಸರ್ಕಾರ 2018ರಲ್ಲಿ ಟ್ರಾನ್ಸ್ ಮೌಂಟನ್ ತೈಲ ಕೊಳವೆ ಮಾರ್ಗವನ್ನು 450 ಕೋಟಿ ಕೆನಡಿಯನ್ ಡಾಲರಿಗೆ ಕೊಂಡಿತು; ವಿಸ್ತರಣೆಯ ವೆಚ್ಚ ಏರುತ್ತ ಸುಮಾರು 3,400 ಕೋಟಿ ತಲುಪಿ, 2024ರ ಮೇ ತಿಂಗಳಲ್ಲಿ ಕೆಲಸ ಶುರುವಾಯಿತು. ಇದರಿಂದ ಸರ್ಕಾರಕ್ಕೆ ನಿವ್ವಳ ನಷ್ಟವಾಗುತ್ತದೆಂದು ಸಂಸತ್ತಿನ ಬಜೆಟ್ ಅಧಿಕಾರಿಯ ಕಚೇರಿ 2022ರಲ್ಲೇ ಅಂದಾಜಿಸಿತ್ತು. ಇಲ್ಲಿಯೂ ಕೋಷ್ಟಕಕ್ಕೆ ಹೋಗಬೇಕಾದದ್ದು ಆ ನಿವ್ವಳ ನಷ್ಟವೇ ಹೊರತು ಕಟ್ಟಲು ಆದ ಇಡೀ ವೆಚ್ಚವಲ್ಲ.

ಸರ್ಕಾರಿ ತೈಲ ಕಂಪನಿಗಳಿರುವ ದೇಶಗಳಲ್ಲಿ ಕೊಡುವ ಕೈಯೂ ಪಡೆಯುವ ಕೈಯೂ ಒಬ್ಬರದೇ ಆದ್ದರಿಂದ ಗೊಂದಲ ಹೆಚ್ಚು. ಮೆಕ್ಸಿಕೊ ತನ್ನ ಸರ್ಕಾರಿ ತೈಲ ಕಂಪನಿಯಾದ ಪೆಮೆಕ್ಸ್ ಮೇಲಿನ ಲಾಭ ಹಂಚಿಕೆ ಸುಂಕವನ್ನು 2019ರ ಶೇ. 65ರಿಂದ ಇಳಿಸುತ್ತ 2024ಕ್ಕೆ ಶೇ. 30ಕ್ಕೆ ತಂದಿತು, ಜೊತೆಗೆ ಬಂಡವಾಳವನ್ನೂ ತುಂಬಿತು. ಶೇ. 65 ಎಂಬುದು ಮೊದಲೇ ಅತಿಯಾಗಿತ್ತು ಎಂದಾದರೆ ಇಳಿಕೆ ಸಹಾಯಧನವಲ್ಲ, ತಿದ್ದುಪಡಿ. ಬಂಡವಾಳ ತುಂಬಿದ್ದನ್ನು ಸಂಶಯವಿಲ್ಲದೆ ಬರೆಯಬಹುದು. ದರದ ಇಳಿಕೆಯನ್ನು ಟಿಪ್ಪಣಿಯೊಡನೆ ಬರೆಯಿರಿ.

ಬಾವಿ ಬತ್ತಿದ ಮೇಲೆ

ಉತ್ಪಾದನೆ ಮುಗಿದ ಮೇಲೆ ಬೀಳುವ ಖರ್ಚನ್ನು ಹೆಚ್ಚಿನ ಲೆಕ್ಕಗಳು ಮರೆಯುತ್ತವೆ. ಮಾಲೀಕರಿಲ್ಲದೆ ಉಳಿದ ಬಾವಿಗಳನ್ನು ಮುಚ್ಚಲು ಅಮೆರಿಕದ 2021ರ ಮೂಲಸೌಕರ್ಯ ಕಾಯ್ದೆ 470 ಕೋಟಿ ಡಾಲರ್ ಎತ್ತಿಟ್ಟಿತು; ಕೆನಡಾ 2020ರಲ್ಲಿ ಬಾವಿಗಳ ಶುದ್ಧೀಕರಣಕ್ಕೆ 170 ಕೋಟಿ ಕೆನಡಿಯನ್ ಡಾಲರ್ ಕೊಟ್ಟಿತು. ಬ್ರಿಟನ್ ತನ್ನ ಹಳೆಯ ಪೆಟ್ರೋಲಿಯಂ ಆದಾಯ ತೆರಿಗೆಯ ದರವನ್ನು 2016ರಲ್ಲಿ ಸೊನ್ನೆಗೆ ಇಳಿಸಿತೇ ಹೊರತು ತೆರಿಗೆಯನ್ನೇ ರದ್ದು ಮಾಡಲಿಲ್ಲ. ತೆರಿಗೆ ಹೆಸರಿಗಾದರೂ ಉಳಿದರೆ, ಸಮುದ್ರದ ಕಟ್ಟಡಗಳನ್ನು ಬಿಚ್ಚುವಾಗ ಆಗುವ ನಷ್ಟವನ್ನು ಹಿಂದಿನ ವರ್ಷಗಳ ಲಾಭದೊಡನೆ ಹೊಂದಿಸಿ, ಆಗ ಕಟ್ಟಿದ ತೆರಿಗೆಯನ್ನು ಕಂಪನಿಗಳು ವಾಪಸು ಪಡೆಯಬಹುದು.

ಜರ್ಮನಿಯ ಕೊನೆಯ ಆಳದ ಕಲ್ಲಿದ್ದಲು ಗಣಿ, ಬೊಟ್ರೊಪ್‌ನ ಪ್ರೊಸ್ಪರ್-ಹನೀಲ್, 2018ರ ಡಿಸೆಂಬರ್ 21ರಂದು ಮುಚ್ಚಿತು. 2007ರಲ್ಲಿ ದಿನಾಂಕ ನಿಗದಿ ಮಾಡಿ, ಹನ್ನೊಂದು ವರ್ಷ ಅದಕ್ಕೆ ಬದ್ಧವಾಗಿ ನಡೆದ ಈ ನಿಲುಗಡೆಯನ್ನು ನಾನು ಗೌರವದಿಂದ ನೋಡುತ್ತೇನೆ. ಆದರೂ ಗಣಿಗಳೊಳಗಿನ ನೀರನ್ನು ಪಂಪು ಮಾಡಿ ಹೊರಹಾಕುವ ಕೆಲಸಕ್ಕೆ ಕೊನೆಯ ದಿನಾಂಕವಿಲ್ಲ. ಅಲ್ಲಿನವರು ಅದನ್ನು ಶಾಶ್ವತ ಹೊರೆ ಎಂದೇ ಕರೆಯುತ್ತಾರೆ, ಮತ್ತು ಅದರ ಖರ್ಚಿಗಾಗಿ ಪ್ರತ್ಯೇಕ ಪ್ರತಿಷ್ಠಾನವೊಂದನ್ನು ಕಟ್ಟಿದ್ದಾರೆ. ಮುಚ್ಚಿದ ಗಣಿಗೆ ಹೋಗುವ ಹಣ ಹೊಸ ಉತ್ಪಾದನೆಯನ್ನು ಉತ್ತೇಜಿಸುವುದಿಲ್ಲವಾದ್ದರಿಂದ, ಕಾರ್ಮಿಕರ ಪಿಂಚಣಿ ಮತ್ತು ಶುದ್ಧೀಕರಣದ ಪಾವತಿಗಳನ್ನು 'ಹಳೆಯ ಉತ್ಪಾದನೆಯ ಬಾಕಿ' ಎಂಬ ಸಾಲಿನಲ್ಲಿ ಬೇರೆಯಾಗಿಡಿ. ಅವುಗಳನ್ನು ಕಡಿಮೆ ಮಾಡಬೇಕೆಂದು ಕೇಳುವುದಕ್ಕೂ, ಹೊಸ ಬಾವಿಯ ರಿಯಾಯಿತಿಯನ್ನು ನಿಲ್ಲಿಸಬೇಕೆಂದು ಕೇಳುವುದಕ್ಕೂ ಅಜಗಜಾಂತರವಿದೆ.

ದೇಶ ದೇಶಗಳನ್ನು ಅಕ್ಕಪಕ್ಕ ಇಡುವಾಗ

ಪ್ರತಿ ದೇಶದ ತೆರಿಗೆ ವೆಚ್ಚವನ್ನು ಆಯಾ ದೇಶದ ಸಾಮಾನ್ಯ ತೆರಿಗೆಯನ್ನು ಆಧಾರವಾಗಿಟ್ಟು ಅಳೆದಿರುತ್ತಾರೆ. ಸಾಮಾನ್ಯ ತೆರಿಗೆಯೇ ಕಡಿಮೆಯಿರುವ ದೇಶದಲ್ಲಿ ರಿಯಾಯಿತಿಯ ಮೊತ್ತವೂ ಸಣ್ಣದಾಗಿ ಕಾಣುತ್ತದೆ. ಹೆಚ್ಚು ತೆರಿಗೆ ಹಾಕಿ ಪ್ರಾಮಾಣಿಕವಾಗಿ ವರದಿ ಮಾಡುವ ದೇಶ ಹೆಚ್ಚು ಉದಾರಿಯಂತೆ ತೋರುತ್ತದೆ. ವರದಿಯನ್ನೇ ಪ್ರಕಟಿಸದ ದೇಶದ ಸಾಲು ಖಾಲಿ ಉಳಿಯುತ್ತದೆ, ಮತ್ತು ಖಾಲಿ ಜಾಗವನ್ನು ಸೊನ್ನೆಯೆಂದು ಓದುವ ಓದುಗರಿದ್ದಾರೆ. ಆದ್ದರಿಂದ ದೇಶಗಳ ಒಟ್ಟು ಮೊತ್ತವನ್ನು ಏರಿಳಿಕೆಯ ಕ್ರಮದಲ್ಲಿ ಜೋಡಿಸಿ ಯಾರು ಮೊದಲು ಎಂದು ಘೋಷಿಸುವುದನ್ನು ನಾನು ಒಪ್ಪುವುದಿಲ್ಲ. ಒಂದೇ ದೇಶದ ಒಂದೇ ಕ್ರಮ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು ಎಂಬ ಹೋಲಿಕೆ ಹೆಚ್ಚು ಭದ್ರ. ದೇಶಗಳ ನಡುವೆ ಹೋಲಿಸಲೇಬೇಕಾದರೆ ಒಂದು ಮಾದರಿ ಬಾವಿಯನ್ನು ಊಹಿಸಿಕೊಂಡು, ಅದೇ ಖರ್ಚು, ಅದೇ ಉತ್ಪಾದನೆ, ಅದೇ ಬೆಲೆಗೆ ಪ್ರತಿ ದೇಶದ ಕಾಯ್ದೆಯಂತೆ ಸರ್ಕಾರಕ್ಕೆ ಎಷ್ಟು ಸೇರುತ್ತದೆ ಎಂದು ಲೆಕ್ಕ ಹಾಕಿ. ಮೇಲೆ ತೋರಿಸಿದ ಬ್ಯಾರೆಲ್ ಲೆಕ್ಕವನ್ನೇ ಎಲ್ಲೆಡೆ ಮಾಡಿದಂತಾಗುತ್ತದೆ.

ಒಕ್ಕೂಟ ವ್ಯವಸ್ಥೆಯ ದೇಶಗಳಲ್ಲಿ ರಾಜ್ಯ ಅಥವಾ ಪ್ರಾಂತ್ಯಗಳ ರಾಜಧನ ರಿಯಾಯಿತಿಗಳನ್ನು ಸೇರಿಸದಿದ್ದರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ. ಕರೆನ್ಸಿಯನ್ನು ಆಯಾ ವರ್ಷದ ಸರಾಸರಿ ವಿನಿಮಯ ದರದಲ್ಲಿ ಬದಲಿಸಿ. ತೆರಿಗೆ ಕಡಿತ ಪಡೆದ ಅದೇ ಹೂಡಿಕೆಗೆ ಅನುದಾನವೂ ಸಿಕ್ಕಿದ್ದರೆ ಎರಡು ಸಲ ಎಣಿಸದಂತೆ ನೋಡಿಕೊಳ್ಳಿ.

ಕೋಷ್ಟಕದ ಕೊನೆಯ ಎರಡು ಕಂಬಸಾಲುಗಳನ್ನು ದಿನಾಂಕಕ್ಕೆ ಮೀಸಲಿಡಿ: ಕ್ರಮ ಜಾರಿಗೆ ಬಂದದ್ದು ಯಾವಾಗ, ಮುಗಿಯುವುದು ಯಾವಾಗ. ಅಮೆರಿಕದ ಒಕ್ಕೂಟ ಸರ್ಕಾರದ ನೆಲದಲ್ಲಿ ತೆಗೆಯುವ ತೈಲಕ್ಕೆ 1920ರ ಕಾಯ್ದೆಯ ಕಾಲದಿಂದ ಕನಿಷ್ಠ ರಾಜಧನ ಶೇ. 12.5 ಇತ್ತು; 2022ರ ಕಾಯ್ದೆ ಹೊಸ ಗುತ್ತಿಗೆಗಳಿಗೆ ಅದನ್ನು ಶೇ. 16.67ಕ್ಕೆ ಏರಿಸಿತು, 2025ರ ಜುಲೈ 4ರಂದು ಸಹಿಯಾದ ಕಾಯ್ದೆ ಮತ್ತೆ ಶೇ. 12.5ಕ್ಕೆ ಇಳಿಸಿತು, ಕಲ್ಲಿದ್ದಲಿನ ರಾಜಧನ 2034ರವರೆಗೆ ಶೇ. 7 ಮೀರದಂತೆಯೂ ಮಾಡಿತು. ಹೀಗಾಗಿ ನಡುವಿನ ಮೂರು ವರ್ಷಗಳಲ್ಲಿ ಪಡೆದ ಗುತ್ತಿಗೆಗೂ ಅದರ ಹಿಂದಿನ ಮುಂದಿನ ಗುತ್ತಿಗೆಗಳಿಗೂ ಕರಾರಿನ ದರ ಬೇರೆಯಾಯಿತು. ಗುತ್ತಿಗೆಯ ದಿನಾಂಕವನ್ನು ಬರೆದಿಡದವರಿಗೆ ಯಾವ ಬಾವಿಯ ತೈಲಕ್ಕೆ ಯಾವ ದರವನ್ನು ಹಾಕಬೇಕು ಎಂಬುದೇ ತಿಳಿಯುವುದಿಲ್ಲ.